ಮುಷ್ಟಿಯಿಂದ ಸೋರಿದ ಒಂದು ಅಂಕಿ

ಕಾಗದದ ನೋಟು ನಿಂತು ಆರು ವರ್ಷವಾಗಿತ್ತು. ಅದರಿಂದ ದೇಶಕ್ಕಾದ ಲಾಭಗಳ ಬಗ್ಗೆ ನಮ್ಮ ಕಚೇರಿಯ ಕಪಾಟಿನಲ್ಲಿ ಹದಿನಾಲ್ಕು ವರದಿಗಳಿದ್ದವು. ಒಂದು ನಷ್ಟ ಮಾತ್ರ ಯಾವ ವರದಿಯಲ್ಲೂ ದಾಖಲಾಗಿರಲಿಲ್ಲ. ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಇನ್ನು ಮುಂದೆ ಸಾಸಿವೆಯನ್ನಷ್ಟೇ ಇಡಬೇಕಾಗಿತ್ತು.

ಹಣವೆಲ್ಲ ಫೋನಿಗೆ ಹೋಯಿತು. ಪ್ರತಿ ಫೋನಿನಲ್ಲೂ ಸರ್ಕಾರ ಒಪ್ಪಿದ ಹನ್ನೊಂದು ಹಣದ ಆ್ಯಪ್‌ಗಳಲ್ಲಿ ಒಂದು ಇರಲೇಬೇಕು. ಅದು ಹಣ ಕೊಡುತ್ತದೆ, ತೆಗೆದುಕೊಳ್ಳುತ್ತದೆ, ಜೊತೆಗೆ ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುತ್ತದೆ. ಸಲಹೆ ಕೊಡುವ ಬುದ್ಧಿ ಹನ್ನೊಂದಕ್ಕೂ ಒಂದೇ. ಕಡತದಲ್ಲಿ ಅದರ ಹೆಸರು ‘ಸಾಮಾನ್ಯ ಸಲಹಾ ಮಾದರಿ’. ನಾವು ಅದನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ತನ್ನ ಜೇಬಿನಿಂದ ಪೈಸೆ ಬಿಚ್ಚದೆ ಊರವರ ಖರ್ಚಿನ ಬಗ್ಗೆ ಇಷ್ಟು ಮಾತಾಡುವವರು ಬೇರೆ ಯಾರೂ ನೆನಪಾಗಲಿಲ್ಲ.

ನಾನು ಅಹಲ್ಯಾ ಕಟ್ಟಿ, ಧಾರವಾಡದ ಹಣ-ಆ್ಯಪ್ ಪರೀಕ್ಷಾಲಯದಲ್ಲಿ ಹಿರಿಯ ಪರೀಕ್ಷಕಿ. ಯಾವ ಆ್ಯಪ್ ಗುಟ್ಟು ಕಾಯುತ್ತದೆ, ಯಾವುದು ಉಗುಳುತ್ತದೆ ಎಂದು ನೋಡುವುದು ನನ್ನ ಕೆಲಸ. ವಯಸ್ಸು ಐವತ್ಮೂರು, ಒಬ್ಬಂಟಿ. ಸಪ್ತಾಪುರದಲ್ಲಿ ನನ್ನ ಮನೆಯ ಮಾಳಿಗೆಯ ಮೇಲೆ ಎರಡು ಕೋಣೆಗಳಿವೆ. ಕಳೆದ ಜೂನಿನಲ್ಲಿ ಅಲ್ಲಿಗೆ ಬಾಡಿಗೆಗೆ ಬಂದವಳು ಏಳು ವರ್ಷದ ಮಗಳನ್ನೂ ಒಂದು ಚೀಲವನ್ನೂ ತಂದಿದ್ದಳು. ಅವಳ ಹೆಸರು ಬೇರೆ. ಇಲ್ಲಿ ನೀಲಾ ಎನ್ನುತ್ತೇನೆ. ಅವಳ ಗಂಡನ ಊರನ್ನೂ ಬರೆಯುವುದಿಲ್ಲ. ಅಲ್ಲಿ ಅವನಿಗೆ ಸೀರೆ ಅಂಗಡಿಯಿದೆ, ಊರಲ್ಲಿ ಒಳ್ಳೆಯ ಹೆಸರಿದೆ ಎಂದಷ್ಟು ಹೇಳಿದರೆ ಸಾಕು. ನೀಲಾಳ ಬಲಗೈ ಮೊಣಕೈಯಿಂದ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಆ ಕೈಯಲ್ಲೇ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುತ್ತಿದ್ದಳು.

ರೊಟ್ಟಿಯ ಹಣ ಬರಬೇಕಾದರೆ ಆ್ಯಪ್ ಬೇಕು. ಒಂದು ಭಾನುವಾರ ಬೆಳಿಗ್ಗೆ ಹೊಸ ಫೋನು ಹಿಡಿದು ನನ್ನ ಅಡಿಗೆಮನೆಗೆ ಬಂದಳು.

“ಅಕ್ಕಾರ, ಹನ್ನೊಂದರಾಗ ಯಾವುದು ಬಾಯಿ ಬಿಗಿ ಹಿಡೀತೈತ್ರಿ?”

“‘ಕೂಡುಮನೆ’ ಬ್ಯಾಡ. ಅದು ಮನೀ ಮಂದಿಗೆಲ್ಲಾ ಒಂದೇ ಲೆಕ್ಕ ತೋರಸ್ತದ.”

“ಅದನ್ನೇ ಬಿಟ್ಟು ಬಂದೀನ್ರಿ. ನಾ ಕೊತಂಬರಿ ಸೂಡು ತಗೊಂಡ್ರೂ ಅಂಗಡ್ಯಾಗ ಅವನ ಫೋನು ಠಣ್ ಅಂತಿತ್ತು.”

“‘ಹಗೇವು’ನೂ ಬ್ಯಾಡ.”

“ಅದು ಹೇಳ್ತೈತೇನ್ರಿ?”

“ಹೇಳೂದಿಲ್ಲ. ಮಾರತದ.”

ಅವಳು ನಕ್ಕಳು. ಅವಳು ನಕ್ಕದ್ದನ್ನು ಆ ದಿನವೇ ನಾನು ಮೊದಲು ಕಂಡದ್ದು. ಹಾಗಾಗಿ ಸ್ವಲ್ಪ ಉಬ್ಬಿದೆ, ‘ಮುಷ್ಟಿ’ಯ ವಿಷಯ ತೆಗೆದೆ. ಅದು ನಾನೇ ಪರೀಕ್ಷಿಸಿ ಸಹಿ ಹಾಕಿದ ಆ್ಯಪ್. ಒಟ್ಟು ಎಪ್ಪತ್ತೆರಡು ಪರೀಕ್ಷೆಗಳಲ್ಲಿ ಅದು ಗೆದ್ದಿತ್ತು. ನೀಲಾ ಎಪ್ಪತ್ಮೂರನೆಯದನ್ನು ಶುರುಮಾಡಿದಳು.

“ಫೋನು ಯಾರರ ಕಸಗೊಂಡ್ರ?”

“ನಿನ್ನ ಬೆರಳು ಬಿಟ್ಟು ಬ್ಯಾರೆದವರದು ನಡಿಯೂದಿಲ್ಲ.”

“ನನ್ನ ಬೆರಳೇ ಹಿಡದು ಒತ್ತಿಸಿದ್ರ?”

“ಎಡಗೈ ಕಿರುಬೆರಳು ಒತ್ತು. ಖಾಲಿ ಲೆಕ್ಕ ತೋರಸ್ತದ.”

“ಹಾಂ. ಇದನ್ನ ಮಾಡಿದಾಕಿ ಹೆಂಗಸೇ ಇರಬೇಕು,” ಎಂದು ಒಪ್ಪಿದಳು. ಆಮೇಲೆ ಮುಖ್ಯ ಪ್ರಶ್ನೆ ಬಂತು. “ಮತ್ತ ಈ ದೊಡ್ಡಪ್ಪ? ಅಂವಗ ಎಲ್ಲಾ ತಿಳೀತದಂತಲ್ಲ.”

“ನಿನ್ನ ಲೆಕ್ಕ ನಿನ್ನ ಫೋನು ಬಿಟ್ಟು ಹೊರಗ ಹೋಗೂದೇ ಇಲ್ಲ ನೀಲಾ. ಅದರಿಂದ ಕಲತ ಪಾಠ ಅಷ್ಟೇ ದೊಡ್ಡಪ್ಪಗ ಹೋಗ್ತದ. ಲಕ್ಷಗಟ್ಟಲೆ ಮಂದಿ ಪಾಠ ಕಲಿಸಿಬಿಡ್ತಾರ. ಊರ ಮಂದಿ ಉಪ್ಪೆಲ್ಲಾ ಒಂದೇ ಹಂಡೇದಾಗ ಹಾಕಿದ ಮ್ಯಾಲೆ ಯಾರ ಉಪ್ಪು ಯಾವುದು ಅಂತ ಹ್ಯಾಂಗ ಹೇಳ್ತಾರ? ಇದರಾಗ ಬರದದ್ದು ನಿನ್ನ ಸೆರಗಿನ ಗಂಟು ಅಂತ ತಿಳಕೊ.”

ಉಪಮೆ ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ತರಬೇತಿ ಶಿಬಿರಗಳಲ್ಲಿ ಅದನ್ನು ಹಲವು ಸಲ ಬಳಸಿದ್ದೆ.

ನೀಲಾ ‘ಮುಷ್ಟಿ’ ಹಾಕಿಕೊಂಡಳು. ಆಮೇಲೆ ಚೀಲದಿಂದ ಒಂದು ಉದ್ದನೆಯ ವಹಿ ತಂದಳು. ಓಡಿಬರುವ ಹೆಂಗಸರು ಬಂಗಾರ ತರುತ್ತಾರೆ, ಕಾಗದಪತ್ರ ತರುತ್ತಾರೆ. ಇವಳು ತಂದದ್ದು ತನ್ನ ಮದುವೆಯ ಆಹೇರಿ ವಹಿ. ಆಹೇರಿ ಎಂದರೆ ಮದುವೆಯಲ್ಲಿ ಬಂಧುಬಳಗದವರು ಕೊಡುವ ಹಣ, ಮೈಸೂರು ಕಡೆಯವರು ಮುಯ್ಯಿ ಎನ್ನುವುದು. ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟು, ಅವರ ಮನೆಯ ಮದುವೆಗೆ ಅದಕ್ಕಿಂತ ಒಂದು ಕೈ ಹೆಚ್ಚೇ ತಿರುಗಿ ಕೊಡಬೇಕು. ಕೊಡದವರ ಮಾತು ಮೂರು ತಲೆಮಾರು ಉಳಿಯುತ್ತದೆ.

“ಇದನ್ನ್ಯಾಕ ಹೊತ್ಕೊಂಡು ಬಂದಿ?” ಎಂದೆ.

“ಗಂಡನ್ನ ಬಿಟ್ಟೀನ್ರಿ. ಮಂದೀನ್ನ ಬಿಟ್ಟಿಲ್ಲ,” ಎಂದಳು. ಇನ್ನೂರಹನ್ನೆರಡು ಹೆಸರುಗಳನ್ನು ಒಂದೊಂದಾಗಿ ‘ಮುಷ್ಟಿ’ಗೆ ಏರಿಸುತ್ತ ಕುಳಿತಳು. ಒಂದು ಸಾಲಿಗೆ ಬಂದು ಬೆರಳಿಟ್ಟು ನಕ್ಕಳು. “ಇಂವ ನನ್ನ ಸೋದರಮಾವ. ಎರಡು ಆಡು ಮಾರಿ ಎರಡು ಸಾವಿರದ ಏಳನೂರು ಬಂತಂತ. ಮ್ಯಾಲೆ ಐವತ್ತೊಂದು ತನ್ನದು ಹಾಕಿ ಹಂದರದಾಗ ಎರಡು ಸಾವಿರದ ಏಳನೂರಾ ಐವತ್ತೊಂದು ಅಂತ ಕೂಗಿಸಿದ. ಗಂಡಿನ ಕಡೆಯವರು ಇವತ್ತಿಗೂ ಆಡಿನ ಆಹೇರಿ ಅಂತ ಆಡ್ಕೋತಾರ. ಮುಂದಿನ ಏಪ್ರಿಲ್‌ದಾಗ ಅವನ ಮಗಳ ಮದುವಿ.”

“ಹೋಗಾಕ ಬರೂದಿಲ್ಲಲ್ಲ ನಿನಗ?”

“ಹೋಗೂದಿಲ್ರಿ. ಹೆಸರು ಹಾಕದ ಕಳಸ್ತೀನಿ. ಎರಡು ಸಾವಿರದ ಎಂಟನೂರಾ ಎರಡು. ಬರೋಬ್ಬರಿ ಐವತ್ತೊಂದು ಮ್ಯಾಲೆ. ಮಾವಗ ತಿಳೀತದ, ನಾ ಜೀವಂತ ಅದೀನಿ ಅಂತ.”

ಅದನ್ನೂ ಬರೆದಳು. ಬರೆಯುವಾಗ ನಾನು ಪಕ್ಕದಲ್ಲೇ ಚಹಾ ಸೋಸುತ್ತಿದ್ದೆ.

ಫೆಬ್ರವರಿಯ ಒಂದು ಸೋಮವಾರ, ಮಧ್ಯಾಹ್ನ ಎರಡೂವರೆಯ ನಂತರ, ಪರೀಕ್ಷಾಲಯದ ನನ್ನ ಸಹೋದ್ಯೋಗಿ ಇಮ್ತಿಯಾಜ್ ಮುಲ್ಲಾ ತನ್ನ ಪರದೆಯ ಮುಂದಿನಿಂದಲೇ ಕರೆದ.

“ಮೇಡಂರೀ, ಇಲ್ಲೊಬ್ಬ ಶಾಣ್ಯಾ ಮದುವಿಗೆ ಹೊಂಟಾನ. ಹತ್ತೊಂಬತ್ತು ದಿನದಿಂದ ಹೊಂಟಾನ, ಇನ್ನೂ ಮುಟ್ಟವಲ್ಲ.”

ಜನ ದೊಡ್ಡಪ್ಪನಿಗೆ ಕೇಳುವ ಪ್ರಶ್ನೆಗಳು ತಪಾಸಣೆಗೆಂದು ನಮ್ಮ ಪರದೆಯ ಮೇಲೆ ಹಾಯುತ್ತವೆ. ಕೇಳಿದವರ ಹೆಸರಿಲ್ಲ, ಫೋನಿನ ಗುರುತಿಲ್ಲ. ಪ್ರಶ್ನೆ, ಆ್ಯಪಿನ ಹೆಸರು, ಊರು, ಕೇಳಿದವರು ಹಾಕಿದ್ದರೆ ಬಡಾವಣೆ, ಅಷ್ಟೇ. ಊರು ಯಾಕೆಂದರೆ ಊರಿಗೊಂದು ಬೆಲೆ, ಊರಿಗೊಂದು ರೂಢಿ. ದೊಡ್ಡಪ್ಪ ಅಥಣಿಯವರಿಗೆ ಅಥಣಿಯ ಬುದ್ಧಿ ಹೇಳುತ್ತಾನೆ, ತುಮಕೂರಿನವರಿಗೆ ತುಮಕೂರಿನದು. ಆ್ಯಪಿನಲ್ಲಿ ಊರು ಬದಲಿಸಿಕೊಳ್ಳಬಹುದು. ಕಿಡಿಗೇಡಿತನ ತಡೆಯಲೆಂದು ದಿನಕ್ಕೆ ಮೂರೇ ಸಲ.

ಪರದೆಯ ಮೇಲೆ ಒಂದೇ ಪ್ರಶ್ನೆ ಮೇಲಿಂದ ಮೇಲೆ ಇತ್ತು. *ನಮಗೆ ೨,೭೫೧ ಆಹೇರಿ ಕೊಟ್ಟವರ ಮನೆಯಲ್ಲಿ ಏಪ್ರಿಲಿನಲ್ಲಿ ಮದುವೆ. ತಿರುಗಿ ಎಷ್ಟು ಕೊಡಬೇಕು?* ದಿನಾ ಮಧ್ಯಾಹ್ನ ಎರಡೂವರೆಗೆ, ಅಂಗಡಿಯವರು ಉಂಡು ಕೈ ತೊಳೆಯುವ ಹೊತ್ತಿಗೆ, ದಿನಕ್ಕೆ ಮೂರು ಊರಿನಿಂದ. ಅಣ್ಣಿಗೇರಿ, ಅಥಣಿಯಿಂದ ಶುರುವಾಗಿ ಆ್ಯಪಿನ ಪಟ್ಟಿಯಲ್ಲಿದ್ದ ಅಕಾರಾದಿ ಕ್ರಮದಲ್ಲಿ ಒಂದನ್ನೂ ಬಿಡದೆ ಇಳಿದು ಬಂದಿತ್ತು. ಆ ದಿನದವು ತುಮಕೂರು, ತೇರದಾಳ, ದಾಂಡೇಲಿ. ಎಲ್ಲ ಊರಿನಲ್ಲೂ ದೊಡ್ಡಪ್ಪನ ಉತ್ತರ ಒಂದೇ ಆಗಿತ್ತು, ಮೂರು ಸಾವಿರದ ಒಂದು.

“ಎಷ್ಟು ಊರಾಗ ಕೇಳಿದ್ರೂ ಕಮ್ಮಿ ಮಾಡವಲ್ಲ ದೊಡ್ಡಪ್ಪ, ಪಾಪ,” ಎಂದು ಇಮ್ತಿಯಾಜ್ ನಗುತ್ತಿದ್ದ. ನಾನು ನಗಲಿಲ್ಲ. ಎರಡು ಆಡುಗಳು ಕಣ್ಣೆದುರು ಬಂದು ನಿಂತಿದ್ದವು.

“ಧಾರವಾಡ ಹಾಕಿ ಕೇಳು,” ಎಂದೆ.

ಅವನು ಪರೀಕ್ಷೆಯ ಫೋನಿನಲ್ಲಿ ಊರು ಬದಲಿಸಿ ಅದೇ ಪ್ರಶ್ನೆ ಕೇಳಿದ. ಉತ್ತರ ಬಂತು. *೨,೮೦೨ ಕೊಡಿ. ಹೆಸರು ಹಾಕದೆ ಕಳುಹಿಸುವುದು ಒಳ್ಳೆಯದು. ಆಧಾರ: ಸಪ್ತಾಪುರ ಬಡಾವಣೆಯ ರೂಢಿ.*

ಸಲಹೆಗೆ ಆಧಾರ ತೋರಿಸಲೇಬೇಕು ಎಂಬುದು ನಿಯಮ. ಗ್ರಾಹಕರಿಗೆ ತಿಳಿಯುವ ಹಕ್ಕಿದೆ ಎಂದು ಹೋರಾಡಿ ಆ ನಿಯಮ ಬರೆಸಿದವರಲ್ಲಿ ನಾನೂ ಒಬ್ಬಳು.

ಇಮ್ತಿಯಾಜನ ನಗೆ ನಿಂತಿತು. ಅವನು ಬುದ್ಧಿವಂತ, ಎರಡು ಸಲ ಹೇಳಬೇಕಾಗಿಲ್ಲ. “ಕೆದಕೋ ಮಂದಿ,” ಎಂದ ಮೆಲ್ಲಗೆ. “ಈಗ ಇದೊಂದು ಧಂದಾ ಐತ್ರಿ. ಓಡಿಹೋದವರ ಮನೀಗೆ ಬಂದು, ಅವರ ಲೆಕ್ಕದಾಗಷ್ಟೇ ಇರೋ ಅಂಕಿ ಯಾವುದು ಹೇಳ್ರಿ ಅಂತಾರ. ಆಮ್ಯಾಲೆ ಅದನ್ನ ಹಿಡಕೊಂಡು ದೊಡ್ಡಪ್ಪನ್ನ ಕೆದಕ್ಕೋತ ಹೋಗಂತ ಹೇಳಿಕೊಡ್ತಾರ. ಎಲ್ಲಾರೂ ಹಾಕೋ ಉಪ್ಪು ಕರಗತೈತಿ ಮೇಡಂರೀ. ಒಬ್ಬಾಕಿ ಇಂಗು ಹಾಕಿದ್ರ? ಇಡೀ ಹಂಡೇ ನಾರತೈತಿ.”

ನನ್ನ ಉಪಮೆಯನ್ನು ಅವನೂ ಶಿಬಿರದಲ್ಲಿ ಕೇಳಿದ್ದ.

“ಕೇಳಾಂವ ಯಾರು ಅಂತ ಹಿಡಿಯಾಕ ಬರ್ತದನು?”

“ಅಂವನೂ ‘ಮುಷ್ಟಿ’ನೇ ಹಾಕ್ಕೊಂಡಾನ್ರಿ. ಬಾಯಿ ಬಿಗಿ ಐತಿ ಅದು.”

ನಾನು ಪಟ್ಟಿ ನೋಡಿದೆ. ನಾಳೆ ದಾವಣಗೆರೆ, ದೇವದುರ್ಗ, ದೇವನಹಳ್ಳಿ. ನಾಡಿದ್ದು ದೇವರಹಿಪ್ಪರಗಿ, ದೊಡ್ಡಬಳ್ಳಾಪುರ, ಧಾರವಾಡ. ಅಕ್ಷರಮಾಲೆಯನ್ನು ಐವತ್ತು ವರ್ಷದ ಹಿಂದೆ ಕಲಿತಿದ್ದೆ. ಅದು ಮೆಟ್ಟಿಲು ಹತ್ತಿ ಬರುವ ಸದ್ದು ಮಾಡಬಲ್ಲದು ಎಂದು ಆ ದಿನ ತಿಳಿಯಿತು.

ನಾಲ್ಕಕ್ಕೆ ಮನೆಗೆ ಹೋದೆ. ನೀಲಾ ಸಂಜೆಯ ರೊಟ್ಟಿಗೆ ಕುಳಿತಿದ್ದಳು. ಮಗಳು ಇಂಚರಾ ಮೂಲೆಯಲ್ಲಿ ಕುಳಿತು ಶಾಲೆಯ ಪಾಠ ಬರೆಯುತ್ತಿದ್ದಳು. ಅವಳನ್ನು ಕೆಳಗೆ ಕಳಿಸಿ ಎಲ್ಲ ಹೇಳಿದೆ. ನೀಲಾಳ ಕೈ ನಿಲ್ಲಲಿಲ್ಲ, ಬಡಿತ ಜೋರಾಯಿತು. ರೊಟ್ಟಿ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಕೊನೆಗೆ ನಡುವೆ ಹರಿಯಿತು.

“ಅಳಿಸಿಬಿಡ್ಲೇನ್ರಿ ಅಕ್ಕಾರ? ಈಗಿಂದೀಗ ಅಳಸ್ತೀನಿ.”

“ನಿನ್ನ ಫೋನಿನ್ಯಾಗ ಅಳೀತದ. ದೊಡ್ಡಪ್ಪ ಕಲತದ್ದು ಮರೀಬೇಕಾದ್ರ ಹೊಸದಾಗಿ ಕಲಿಸಬೇಕು. ಮೂರು ತಿಂಗಳು.”

“ಮತ್ತ ನೀವು ಸೆರಗಿನ ಗಂಟು ಅಂದ್ರಿ.”

“ಅಂದೆ.”

ಅದಕ್ಕಿಂತ ಹೆಚ್ಚಿಗೆ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿದಳು.

“ಪೊಲೀಸರ ಕಡೆ ಹೋಗೋಣು,” ಎಂದೆ.

“ಹೋದ ವರ್ಷ ಹೋಗಿದ್ನೆಲ್ರಿ ಒಂದು ಠಾಣೆಗೆ. ಬರೋಬ್ಬರಿ ಕೂಡಿಸಿ ಚಹಾ ಕೊಟ್ರು. ನಾ ಚಹಾ ಕುಡಿಯೂದರಾಗ ಅವನಿಗೆ ಫೋನು ಮಾಡಿದ್ರು, ಬಂದು ನಿಮ್ಮ ಮಂದೀನ್ನ ಕರಕೊಂಡು ಹೋಗ್ರಿ ಅಂತ.” ಇನ್ನೊಂದು ಉಂಡೆ ಎತ್ತಿಕೊಂಡಳು. “ಬ್ಯಾರೆ ಊರಿಗೆ ಓಡ್ಲೇನು? ಇದು ಮೂರನೇದ್ರಿ. ಈ ಹುಡಿಗಿ ಹೊಸಾ ಸಾಲ್ಯಾಗ ಹೆಸರು ಕೇಳಿದ್ರ ಯಾವ ಹೆಸರು ಹೇಳ್ಲಿ ಅವ್ವ ಅಂತ ಕೇಳ್ತೈತಿ.”

ಗೇಟಿನ ಚಿಲಕ ಸದ್ದಾಯಿತು. ನಾನು ಎದ್ದು ಕಿಟಕಿಯಿಂದ ಇಣುಕಿದೆ. ಖಾನಾವಳಿಯವನು ರೊಟ್ಟಿಗೆ ಬಂದಿದ್ದ.

ಐದೂವರೆಗೆ ನಾನು ಪರೀಕ್ಷಾಲಯಕ್ಕೆ ವಾಪಸು ಹೋದೆ. ಇಮ್ತಿಯಾಜ್ ಹೋಗಿರಲಿಲ್ಲ. ಇಬ್ಬರ ತಲೆಯಲ್ಲೂ ಒಂದೇ ಅಪರಾಧವಿತ್ತು, ಯಾರು ಮೊದಲು ಬಾಯಿ ಬಿಡುವುದು ಎಂದು ಕಾಯುತ್ತಿದ್ದೆವು. ನಮ್ಮ ಕೋಣೆಯಲ್ಲಿ ಆರುನೂರು ಪರೀಕ್ಷೆಯ ಫೋನುಗಳಿವೆ. ಅವನ್ನು ಯಾವ ಊರಿನವೆಂದು ಬೇಕಾದರೂ ತೋರಿಸಬಹುದು. ನಿಜವಾದ ದೊಡ್ಡಪ್ಪನಿಗೆ ಅವುಗಳಿಂದ ಸುಳ್ಳು ಪಾಠ ಕಲಿಸಿದರೆ ಏಳು ವರ್ಷ ಸಜೆ. ಆ ನಿಯಮವನ್ನು ಮಾತ್ರ ನಾನು ಬರೆದಿರಲಿಲ್ಲ.

“ಅಂವ ಧಾರವಾಡ ಮುಟ್ಟೂದಕ್ಕಿಂತ ಮೊದಲ ಎಲ್ಲ್ಯರ ಒಂದು ಕಡೆ ಹೌದು ಅನ್ನಿಸಬೇಕ್ರಿ,” ಎಂದ ಇಮ್ತಿಯಾಜ್. “ಉತ್ತರ ಸಿಕ್ಕ ಮ್ಯಾಲೆ ಯಾರೂ ಮುಂದ ಕೇಳೂದಿಲ್ಲ. ಯಾವ ಊರು?”

“ದಾವಣಗೆರೆ. ದೊಡ್ಡ ಊರು. ಹುಡುಕಿ ಹುಡುಕಿ ಸಾಯಲಿ.”

“ಬಡಾವಣೀನೂ ಹೇಳಬೇಕಲ್ರಿ. ಆಧಾರ ತೋರಸ್ತಾನಲ್ಲ ದೊಡ್ಡಪ್ಪ.”

ಆಗ ನಾನು ಒಂದು ಬಡಾವಣೆಯನ್ನು ಆರಿಸಬೇಕಾಯಿತು. ಯಾರ ಮನೆಯ ಬಾಗಿಲಿಗೂ ಅವನು ಹೋಗಬಾರದು. ಬಡಾವಣೆಯಲ್ಲಿ ಎಷ್ಟು ಫೋನುಗಳಿವೆ ಎಂದು ನೋಡುವ ಅಧಿಕಾರ ನಮಗಿಲ್ಲ, ಗೌಪ್ಯತೆ. ಹಾಗಾಗಿ ಪಾಲಿಕೆಯ ಪಟ್ಟಿ ತೆಗೆದೆ. ಅದರಲ್ಲಿ ಗಿರಣಿ ಚಾಳ ಎಂದಿತ್ತು. ಹತ್ತಿ ಗಿರಣಿ ಮುಚ್ಚಿ ವರ್ಷಗಳಾಗಿದ್ದವು, ಕಾರ್ಮಿಕರ ಸಾಲುಮನೆಗಳನ್ನು ಕೆಡವಲು ನೋಟಿಸು ಅಂಟಿಸಿತ್ತು. ಜನವಸತಿಯ ಎದುರು ಸೊನ್ನೆ.

ಫೋನು ಮಾಡಿ ನೀಲಾಳಿಗೆ ಹೇಳಿದೆ.

“ಅಲ್ಲೆ ಯಾರರ ಇದ್ರ?” ಎಂದಳು.

“ಯಾರೂ ಇಲ್ಲ. ಪಟ್ಟಿ ನೋಡೀನಿ.”

ಆರುನೂರು ಫೋನುಗಳನ್ನೂ ಗಿರಣಿ ಚಾಳದವೆಂದು ತೋರಿಸಿ ಇಬ್ಬರೂ ಸೇರಿ ಒಂದೇ ಕಥೆ ಕಲಿಸಿದೆವು. ಬಂದದ್ದು ೨,೭೫೧. ಕೊಡುವುದು ೨,೮೦೨. ಹೆಸರು ಹಾಕದೆ. ಏಳೂವರೆಗೆ ದೀಪ ಆರಿಸಿದಾಗ ಇಮ್ತಿಯಾಜನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. “ನಮ್ಮಾಕಿ ಕೇಳಿದ್ರ ಓವರ್‌ಟೈಮ್ ಅಂತೀನ್ರಿ,” ಎಂದ.

ಫೋನುಗಳು ಬೆಳಗಿನ ಜಾವ ಪಾಠ ಒಪ್ಪಿಸುತ್ತವೆ. ದೊಡ್ಡಪ್ಪ ಮಧ್ಯಾಹ್ನ ಹನ್ನೆರಡರೊಳಗೆ ಅರಗಿಸಿಕೊಳ್ಳುತ್ತಾನೆ. ಮರುದಿನ ಎರಡೂವರೆಗೆ ಪರದೆಯ ಮುಂದೆ ಇಬ್ಬರೂ ಕುಳಿತೆವು. ಎರಡು ಮೂವತ್ನಾಲ್ಕಕ್ಕೆ ಪ್ರಶ್ನೆ ಬಂತು, ಊರು ದಾವಣಗೆರೆ. ಗಿರಣಿ ಚಾಳದ ಉತ್ತರ ಹೋಯಿತು.

ದೇವದುರ್ಗ ಬರಲಿಲ್ಲ. ಮೂರು ಗಂಟೆಯಾಯಿತು, ನಾಲ್ಕಾಯಿತು. ಹತ್ತೊಂಬತ್ತು ದಿನ ಒಂದು ನಿಮಿಷವೂ ಸೋಮಾರಿತನ ಮಾಡದವನು ಆ ದಿನ ಮುಂದಿನ ಊರನ್ನು ಕೇಳಲಿಲ್ಲ. ಪ್ರಶ್ನೆ ನಿಂತದ್ದು ಪ್ರಶ್ನೆ ಬಂದದ್ದಕ್ಕಿಂತ ಭಯಂಕರವಾಗಿತ್ತು. ಎಲ್ಲೋ ಒಬ್ಬ ಮನುಷ್ಯ ಫೋನು ಕೆಳಗಿಟ್ಟು, ಅಂಗಡಿಯ ಗದ್ದಿಗೆಯಿಂದ ಎದ್ದು, ಚಪ್ಪಲಿ ಹುಡುಕುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಬುಧವಾರ ಏನೂ ಇಲ್ಲ. ಗುರುವಾರವೂ ಇಲ್ಲ. ಶುಕ್ರವಾರ ನೀಲಾ ನನಗೊಂದು ತಟ್ಟೆ ಹೂರಣದ ಕಡಬು ಕೊಟ್ಟಳು. ಇಂಚರಾ ಗೇಟಿನ ಮೇಲೆ ಹತ್ತಿ ತೂಗಾಡಿದಳು, ಯಾರೂ ಗದರಲಿಲ್ಲ. ನಾನು ಒಂದು ರಾಜೀನಾಮೆ ಪತ್ರ ಬರೆದು, ಕಾಗುಣಿತ ತಿದ್ದಿ, ಮೇಜಿನ ಖಾನೆಯಲ್ಲಿ ಇಟ್ಟೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಮ್ತಿಯಾಜ್ ಕರೆಯಲಿಲ್ಲ. ಎದ್ದು ಬಂದು ನನ್ನ ಪಕ್ಕ ನಿಂತ. ಕೈಯಲ್ಲಿ ಒಂದು ಚೀಟಿಯಿತ್ತು, ಪರದೆಯಿಂದ ಬರೆದುಕೊಂಡದ್ದು.

*ಊರು: ದಾವಣಗೆರೆ, ಗಿರಣಿ ಚಾಳ. ಮುಂಗಡ ಇಲ್ಲದೆ ಮನೆ ಯಾವ ಊರಿನಲ್ಲಿ ಸಿಗುತ್ತದೆ? ಇವತ್ತೇ ಬೇಕು. ಜನ ಇಬ್ಬರು, ನಾನು ಮತ್ತು ಒಂದು ಹೆಣ್ಣು ಮಗು. ಹುಡುಕುವವರು ಬಂದಿದ್ದಾರೆ.*

ಚೀಟಿಯನ್ನು ಮತ್ತೊಮ್ಮೆ ಓದಿದೆ. ಬಾಡಿಗೆ ಇಲ್ಲ, ಮುಂಗಡ ಇಲ್ಲ, ಹೆಸರು ಕೇಳುವವರಿಲ್ಲ, ಪಾಲಿಕೆಯ ಪಟ್ಟಿಯಲ್ಲಿ ಸೊನ್ನೆ. ಅಡಗಬೇಕಾದವಳು ಅಂಥ ಜಾಗಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ? ಗುಟ್ಟಿನ ವಿಷಯದಲ್ಲಿ ಇಪ್ಪತ್ತಾರು ವರ್ಷ ಅನುಭವವಿರುವ ನನಗೆ ಇದು ಹೊಳೆದಿರಲಿಲ್ಲ.

“ಆಕೀಗೆ ತಿಳಿಸಾಕ ಬರ್ತದನು?” ಎಂದೆ. ಉತ್ತರ ನನಗೇ ಗೊತ್ತಿತ್ತು. ಹೆಸರಿಲ್ಲ, ಫೋನಿನ ಗುರುತಿಲ್ಲ. ಅವಳೂ ‘ಮುಷ್ಟಿ’ಯನ್ನೇ ಆರಿಸಿಕೊಂಡಿದ್ದಳು. ನನ್ನ ಸಹಿ ನೋಡಿ ಆರಿಸಿದ್ದಳೋ ಏನೋ.

“ದೊಡ್ಡಪ್ಪ ಏನಂದ ಆಕೀಗೆ?”

ಇಮ್ತಿಯಾಜ್ ತಲೆ ತಗ್ಗಿಸಿದ. “ತಿಂಗಳಾ ಉಳಿತಾಯ ಮಾಡ್ರಿ ಅಂದ.”

ಮನೆಗೆ ಹೋಗಿ ನೀಲಾಳಿಗೆ ಹೇಳಬಾರದು ಎಂದು ದಾರಿಯುದ್ದಕ್ಕೂ ನಿರ್ಧರಿಸಿದೆ, ಹೋದವಳೇ ಹೇಳಿಬಿಟ್ಟೆ. ಅವಳು ಹಿಟ್ಟಿನ ಕೈಯನ್ನು ನಿಧಾನವಾಗಿ ತೊಳೆದಳು. ಉಗುರುಗಳ ಸಂದಿಯ ಹಿಟ್ಟನ್ನೂ ತೆಗೆದಳು.

“ಬಸ್ಸು ಎಷ್ಟೊತ್ತಿಗೈತ್ರಿ?”

“ಹುಚ್ಚು ಹಿಡದದನು ನಿನಗ? ಅಂವ ಅಲ್ಲೇ ಇದ್ದಾನ. ನಾ ಹೋಗ್ತೀನಿ.”

“ನಿಮಗ ಅವನ ಮಾರಿ ಗುರ್ತೈತೇನ್ರಿ?” ಎಂದಳು. “ಆಕೀಗೂ ಇಲ್ಲ. ಬಾಗಲಾ ಬಡದಾಂವ ಅವನೋ, ಹಾಲಿನಾಂವನೋ ಆಕೀಗೆ ಹೆಂಗ ತಿಳೀಬೇಕು? ನಡೀರಿ.”

ಇಂಚರಾಳನ್ನು ಶಾಲೆಯಿಂದ ಕರೆದೊಯ್ಯಲು ಇಮ್ತಿಯಾಜನ ಹೆಂಡತಿ ಒಪ್ಪಿದಳು. ಬಸ್ಸಿನ ಎರಡೂ ಟಿಕೇಟು ನನ್ನ ಫೋನಿನಿಂದ ತೆಗೆದೆ, ನೀಲಾಳ ಪಯಣ ದೊಡ್ಡಪ್ಪನಿಗೆ ಪಾಠವಾಗಬಾರದು. ಅವಳು ಕಿಟಕಿಯ ಪಕ್ಕ ಸೆರಗು ಹೊದ್ದು ಕುಳಿತಳು. ಬಸ್ಸು ನಿಂತಾಗಲೆಲ್ಲ ಹತ್ತುವ ಗಂಡಸರ ಮುಖವನ್ನು ಒಂದೊಂದಾಗಿ ನೋಡಿದಳು. ಹಾವೇರಿಯಲ್ಲಿ ಬಿಳಿ ಅಂಗಿಯವನೊಬ್ಬ ಹತ್ತಿದಾಗ ಅವಳ ಉಗುರು ನನ್ನ ತೋಳಿಗೆ ಇಳಿಯಿತು. ಅವನು ಕಡಲೆಕಾಯಿ ಮಾರುವವನು.

ಗಿರಣಿ ಚಾಳ ತಲುಪಿದಾಗ ಮಧ್ಯಾಹ್ನ ನಾಲ್ಕಕ್ಕೆ ಐದು ನಿಮಿಷ. ಉದ್ದನೆಯ ಎರಡು ಸಾಲು ಮನೆಗಳು ಎದುರುಬದುರಾಗಿ ನಿಂತಿದ್ದವು, ನಡುವೆ ಓಣಿ, ಕೊನೆಯಲ್ಲಿ ಹೊಗೆಯಿಲ್ಲದ ಗಿರಣಿ. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಗೆದ ಬಟ್ಟೆ ಎಲ್ಲೂ ಒಣಗುತ್ತಿರಲಿಲ್ಲ. ನಲ್ಲಿಯ ಕಟ್ಟೆ ಮಾತ್ರ ಹಸಿಯಾಗಿತ್ತು. ಓಣಿಯ ಬಾಯಿಗೆ ಒಬ್ಬ ಮುದುಕಿ ಮಂಡಕ್ಕಿ ಇಟ್ಟುಕೊಂಡು ಕುಳಿತಿದ್ದಳು. ನಾನು ಹೋಗಿ ಆದಷ್ಟು ಮೆತ್ತಗೆ ಕೇಳಿದೆ.

“ಅಜ್ಜಿ, ಇಲ್ಲಿ ಒಬ್ಬಳೇ ಹೆಂಗಸು ಇದ್ದಾಳಾ, ಒಂದು ಹೆಣ್ಣು ಮಗು ಕಟ್ಟಿಕೊಂಡು?”

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾರೂ ಇಲ್ಲಮ್ಮ ಇಲ್ಲಿ. ಎರಡು ದಿನದಿಂದ ಒಬ್ಬನು ಬಂದು ಇದ್ನೇ ಕೇಳ್ತಾನೆ. ನೀನೂ ಇದ್ನೇ ಕೇಳ್ತೀಯ. ಅವನ ಕಡೆಯೋಳಾ?”

ನಮ್ಮಿಬ್ಬರ ಬಾಯಲ್ಲಿದ್ದದ್ದು ಒಂದೇ ಪ್ರಶ್ನೆ. ಮುಚ್ಚಿದ ಬಾಗಿಲುಗಳ ಹಿಂದೆ ನಿಂತು ಕೇಳುತ್ತಿದ್ದವರಿಗೆ ನಾನೂ ಅವನೂ ಒಂದೇ.

ನೀಲಾ ನನ್ನನ್ನು ದಾಟಿ ಓಣಿಯ ನಡುವೆ ಹೋಗಿ ನಿಂತಳು. ಹೊದ್ದ ಸೆರಗು ತೆಗೆದಳು. ಜೋರಾಗಿ, ಹಂದರದಲ್ಲಿ ಆಹೇರಿ ಕೂಗುವವರ ಹಾಗೆ, ತನ್ನ ನಿಜವಾದ ಹೆಸರು ಕೂಗಿದಳು. ತಂದೆಯ ಹೆಸರು ಹೇಳಿದಳು, ಗಂಡನ ಊರು ಹೇಳಿದಳು. ಎಂಟು ತಿಂಗಳಿನಿಂದ ನನ್ನ ಮನೆಯಲ್ಲಿ ಪಿಸುಮಾತಿನಲ್ಲೂ ಹೇಳದಿದ್ದದ್ದು.

“ಇಲ್ಲಿ ಬಂದಾಂವ ಹುಡುಕೋದು ನನ್ನ, ನಿಮ್ಮನ್ನಲ್ಲ! ಎತ್ತರ ಆಳು, ಎಡಗಡೆ ಹುಬ್ಬಿನ್ಯಾಗ ಸೀಳು ಐತಿ, ಮಾತಾಡೂವಾಗ ಬಾಳ ನಗತಾನ. ನಕ್ಕಾನಂತ ಬಾಗಲಾ ತಗೀಬ್ಯಾಡ್ರಿ. ಅಂವ ನಿಮ್ಮ ಮನಿಯಾಂವ ಕಳಿಸಿದಾಂವ ಅಲ್ಲ. ಊರು ಬಿಡಬ್ಯಾಡ್ರಿ, ಕೇಳಿಸ್ತೇನ್ರವ್ವಾ?”

ಅವಳ ದನಿ ಗಿರಣಿಯ ಗೋಡೆಗೆ ಬಡಿದು ಹಿಂದಿರುಗಿತು. ಆಮೇಲೆ ಎಡಗಡೆಯ ಮೂರನೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಅದರ ಎದುರಿನದು ತೆರೆಯಿತು. ಮತ್ತೊಂದು. ತುದಿಯಲ್ಲಿ ಇನ್ನೊಂದು. ಜನವಸತಿ ಸೊನ್ನೆ ಎಂದು ಬರೆದಿದ್ದ ಓಣಿಯಲ್ಲಿ ಏಳು ಹೆಂಗಸರು ಹೊಸ್ತಿಲಿಗೆ ಬಂದು ನಿಂತರು, ಹಿಂದೆ ಮಕ್ಕಳು. ಐವರ ಕಾಲ ಬಳಿ ಕಟ್ಟಿದ ಗಂಟು ಸಿದ್ಧವಾಗಿತ್ತು.

ಮೂರನೆಯ ಬಾಗಿಲಿನವಳು, ಇಪ್ಪತ್ತೈದೂ ದಾಟಿರದವಳು, ಕೇಳಿದಳು. “ಅಕ್ಕಾ, ಖರೇನಾ? ಅವನು ನಮ್ಮೋನು ಕಳಿಸಿದ್ದಲ್ವಾ?”

“ಅಲ್ಲವ್ವಾ. ಅಂವ ನನ್ನ ಪಾಲಿನಾಂವ.”

ಹುಡುಗಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕುಳಿತು ಅಳತೊಡಗಿದಳು. ಅಳುವಿನ ನಡುವೆಯೇ ಹೇಳಿದಳು. “ನೀನು ಹೋಗ್ಬಿಡಕ್ಕಾ. ಐದಕ್ಕೆ ಬರ್ತಾನೆ. ಎರಡು ದಿನವೂ ಐದಕ್ಕೇ ಬಂದ.”

ನಾನು ನೀಲಾಳ ಕೈ ಹಿಡಿದು ಎಳೆದೆ. ಕೊನೆಯ ಬಸ್ಸಿಗೆ ಕಾಯಬೇಕಿಲ್ಲ, ಈಗಲೇ ಹೊರಟರೆ ಆಟೋ ಸಿಗುತ್ತದೆ, ಎಂದು ಏನೇನೋ ಹೇಳಿದೆ. ಅವಳು ಕೈ ಬಿಡಿಸಿಕೊಂಡಳು.

“ನಾ ಹೋದ್ರ ಅಂವ ಬಂದು ಇವರ ಬಾಗಲಾನೇ ಬಡೀತಾನ್ರಿ,” ಎಂದು ನಲ್ಲಿಯ ಕಟ್ಟೆಯ ಮೇಲೆ ಕುಳಿತಳು.

ಏಳರಲ್ಲಿ ಯಾರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಮಕ್ಕಳನ್ನು ಒಳಗೆ ಕಳಿಸಿ ಒಬ್ಬೊಬ್ಬರಾಗಿ ಬಂದು ಕಟ್ಟೆಯ ಸುತ್ತ ನಿಂತರು. ಮುದುಕಿಯೂ ಮಂಡಕ್ಕಿ ಬುಟ್ಟಿ ಎತ್ತಿಕೊಂಡು ಈಚೆ ಬಂದಳು. ನನ್ನ ಜೇಬಿನ ಫೋನಿನಲ್ಲಿ ದೊಡ್ಡಪ್ಪ ಏನೋ ಸಲಹೆ ಕೊಡಲು ಸದ್ದು ಮಾಡಿದ, ತೆಗೆದು ನೋಡಲಿಲ್ಲ.

ನಾಲ್ಕೂಕಾಲಾಗಿತ್ತು. ನಾನು ಹೋಗಿ ನೀಲಾಳ ಪಕ್ಕ ಕುಳಿತೆ.